ಗಾಳಿ ಹಾಕಿದ ಹೆಪ್ಪು

ಎಲ್ಸ್‌ಬ್ರೂಕ್
೯ ನವೆಂಬರ್ ೧೯೧೯

ಪ್ರೀತಿಯ ಅಮಾಂಡ್ ಅಣ್ಣ,

ಕೊನೆಗೂ ನಮ್ಮ ಬಿಯರ್ ಮನೆಯ ಚಿಮಣಿಯಲ್ಲಿ ಹೊಗೆ ಕಾಣಿಸಿತು. ಹೋದ ಮಂಗಳವಾರ ನಾನೂ ಪೀಪಾಯಿ ಕಟ್ಟುವ ತಿಸ್ಟ್ ತಾತನೂ ಸೇರಿ ಒಲೆ ಹಚ್ಚಿದೆವು. ನಾಲ್ಕು ವರ್ಷದ ಮೇಲೆ ಆ ಹೊಗೆ ನೋಡಿ, ಚರ್ಚಿನ ಗಂಟೆ ಹೊಡೆಯುವವನು ಬೆಂಕಿ ಬಿದ್ದಿತೆಂದು ಓಡಿ ಬಂದ. ಗೋಧಿ, ಬಾರ್ಲಿ ಕುದಿಯುವ ವಾಸನೆ ಮೂಗಿಗೆ ಬಡಿದದ್ದೇ ತಡ, ಟೋಪಿ ತೆಗೆದು ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟ. ಎಬ್ಬಿಸಿ ಕಳಿಸಬೇಕಾದರೆ ಮಧ್ಯಾಹ್ನವಾಯಿತು.

ಅಪ್ಪನ ತಾಮ್ರದ ಹಂಡೆಯನ್ನು ಜರ್ಮನರು ಒಡೆದು ಗಾಡಿಗೆ ಹೇರಿಕೊಂಡು ಹೋದದ್ದನ್ನು ಹಿಂದೆಯೇ ಬರೆದಿದ್ದೆ. ಈಗ ಇರುವುದು ಕಾನ್ವೆಂಟಿನ ಬಟ್ಟೆ ಒಗೆಯುವ ಹಂಡೆ. ಸಿಸ್ಟರುಗಳು ಊರು ಬಿಡುವಾಗ ಕೊಟ್ಟು ಹೋದರು. ತಿಸ್ಟ್ ತಾತ ಮೂರು ದಿನ ಬೂದಿ ಹಾಕಿ ತಿಕ್ಕಿದ. “ಇಷ್ಟು ತಿಕ್ಕಿದ ಮೇಲೂ ಸೋಪಿನ ವಾಸ್ನೆ ಬಂತು ಅಂದ್ರೆ, ಪಾಪ ತೊಳೆಯೋ ಬಿಯರು ಅಂತ ಹೆಸರಿಟ್ಟು ಕುಡಿಸೋಣ ಬಿಡಮ್ಮಾ” ಅಂದ.

ಕುದಿದದ್ದನ್ನು ಸಂಜೆ ಅಟ್ಟದ ಅಗಲ ತೊಟ್ಟಿಗೆ ಏರಿಸಿ, ಜಾಲಂದ್ರಗಳನ್ನೆಲ್ಲ ತೆರೆದು, ಕೆಳಗಿಳಿದು ಬಂದೆ. ಬೇರೆಯವರ ಹಾಗೆ ಡಬ್ಬಿಯ ಹೆಪ್ಪು ಹಾಕುವ ಮನೆ ನಮ್ಮದಲ್ಲವಲ್ಲ. ಹೆಪ್ಪು ಹಾಕುವುದು ಗಾಳಿಯ ಕೆಲಸ, ನಮ್ಮದು ದಾರಿ ಬಿಡುವುದಷ್ಟೇ ಎಂದು ಅಪ್ಪ ಹೇಳುತ್ತಿದ್ದ. ಬೆಳಿಗ್ಗೆ ತಣಿದದ್ದನ್ನು ಹನ್ನೊಂದು ಪೀಪಾಯಿಗೆ ತುಂಬಿಸಿದೆವು. ಇನ್ನು ಕಾಯುವುದು. ಅಟ್ಟ ಚೆನ್ನಾಗಿದೆ.

ನೆಲಮಾಳಿಗೆಯಲ್ಲಿ ಗೋಡೆ ಕಟ್ಟಿ ಮುಚ್ಚಿಟ್ಟಿದ್ದ ಏಳು ಹಳೆಯ ಪೀಪಾಯಿಗಳನ್ನು ತಿಸ್ಟ್ ಹೊರಗೆ ತೆಗೆದಿದ್ದಾನೆ. ನೀನು ಯುದ್ಧಕ್ಕೆ ಹೋಗುವ ಹಿಂದಿನ ಚಳಿಗಾಲದ ಲ್ಯಾಂಬಿಕ್ ಬಿಯರು, ಅಪ್ಪ ಗಾಳಿಯಿಂದ ಹೆಪ್ಪು ಹಾಕಿಸಿದ್ದು. ಯುದ್ಧಕ್ಕೆ ಮೊದಲಿನದೆಂದು ನಮ್ಮಲ್ಲಿ ಉಳಿದಿರುವುದು ಅಷ್ಟೇ. ಯಾವುದಕ್ಕೆ ಯಾವುದನ್ನು ಬೆರೆಸಬೇಕೋ ನನಗೆ ತಿಳಿಯದು. ಸೀಸೆ ತೊಳೆಯುವುದಕ್ಕಲ್ಲದೆ ಅಪ್ಪ ನನ್ನನ್ನು ಬೆರೆಸುವ ಆ ಮೇಜಿನ ಹತ್ತಿರ ಸೇರಿಸಿದವನಲ್ಲ. ಮೂರು ಪೀಪಾಯಿಯಿಂದ ಮೂರು ಸಣ್ಣ ಸೀಸೆ ಕಳಿಸಿದ್ದೇನೆ. ಮೂಸಿ, ರುಚಿ ನೋಡಿ ಬರೆ. ಈ ಮನೆಯಲ್ಲಿ ಉಳಿದಿರುವ ಮೂಗು ನಿನ್ನದೊಂದೇ.

ಎದೆನೋವು ಹೇಗಿದೆ? ಕ್ರಿಸ್‌ಮಸ್ಸಿಗೆ ನಾನೇ ಬಂದು ನೋಡಲೇ?

ನಿನ್ನ ತಂಗಿ
ಲೀವಾ

*

ಕೊಕ್ಸೈಡೆ, ಕಡಲ ದಂಡೆಯ ಆಸ್ಪತ್ರೆ
೨೬ ನವೆಂಬರ್ ೧೯೧೯

ಲೀವಾ,

ಇಲ್ಲಿ ವಾರದಿಂದ ಮಂಜು. ಕಿಟಕಿಯ ಆಚೆ ದಂಡೆ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಹೇಳಲಾಗುವುದಿಲ್ಲ. ಇಳಿತದ ಹೊತ್ತಿಗೆ ಸಿಗಡಿ ಹಿಡಿಯುವವರು ಕುದುರೆ ಹತ್ತಿ ಕಡಲಿಗೆ ಇಳಿಯುತ್ತಾರೆ. ಮೊದಲು ಕುದುರೆಯ ಕಾಲು ಕರಗುತ್ತದೆ, ಆಮೇಲೆ ಹೊಟ್ಟೆ. ಕೊನೆಗೆ ಹಳದಿ ಅಂಗಿ ತೊಟ್ಟ ಮನುಷ್ಯನೊಬ್ಬ ಏನೂ ಇಲ್ಲದ್ದರ ಮೇಲೆ ಕೂತು ಮೆಲ್ಲಗೆ ತೇಲಿಹೋಗುತ್ತಾನೆ. ನನ್ನ ಪಕ್ಕದ ಮಂಚದಲ್ಲಿ ಪಿಯೆರ್ ಅಂತ ಒಬ್ಬ ಮುದುಕನಿದ್ದಾನೆ, ಅವನೂ ಅದೇ ಕಸುಬಿನವನು. ಅವನಿಗೆ ಎಲ್ಲ ಕುದುರೆಗಳ ಹೆಸರೂ ಗೊತ್ತು. ಮಂಜಿನೊಳಗಿನಿಂದ ಬರುವ ಕೆನೆತ ಕೇಳಿ ಯಾವುದೆಂದು ಹೇಳುತ್ತಾನೆ. ನಾನು ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ಎಂದು ಎಷ್ಟೋ ಸಲ ಅವನನ್ನೇ ಕೇಳಬೇಕಾಗುತ್ತದೆ.

ಸೀಸೆಗಳು ಒಡೆಯದೆ ಬಂದವು. ಒಂದನೆಯದು ಒದ್ದೆ ಹಗ್ಗ, ತಳದಲ್ಲಿ ದೋಣಿಗೆ ಬಳಿಯುವ ಟಾರು. ಎರಡನೆಯದು ಬಿಸಿಲಿಗೆ ಹರವಿದ ಬಲೆ. ಮೂರನೆಯದರಲ್ಲಿ ನೀರು ಇಳಿದ ಮೇಲಿನ ಮರಳು, ಕೊನೆಗೆ ತುಸು ಉಪ್ಪು. ಮೂರನೆಯದನ್ನು ಮುಟ್ಟಬೇಡ. ಮೊದಲ ಎರಡನ್ನು ಸಮಸಮ ಬೆರೆಸಬಹುದು.

ನನಗೆ ಬೇಕಾದದ್ದನ್ನು ನೀನು ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ಅಟ್ಟದ ಬಗ್ಗೆ ಬರೆ. ಜಂತೆಗಳು ಇನ್ನೂ ಅಷ್ಟೇ ಕಪ್ಪಗಿವೆಯೇ? ಮೂಲೆಯ ಜೇಡರ ಬಲೆಗಳನ್ನು ಯಾರೂ ಮುಟ್ಟಿಲ್ಲ ತಾನೇ? ಐದು ವರ್ಷದಿಂದ ಕಣ್ಣು ಮುಚ್ಚಿದರೆ ನಾನು ಮಲಗುವುದು ಅಲ್ಲೇ, ತೊಟ್ಟಿಯ ಪಕ್ಕ, ಆ ಹಬೆಯ ಕೆಳಗೆ.

ಕ್ರಿಸ್‌ಮಸ್ಸಿಗೆ ಬರಬೇಡ. ಚಳಿಗಾಲದಲ್ಲಿ ಹೊರಗಿನವರನ್ನು ಇಲ್ಲಿ ಒಳಗೆ ಬಿಡುವುದಿಲ್ಲ.

ಅಮಾಂಡ್

*

ಎಲ್ಸ್‌ಬ್ರೂಕ್
೧೪ ಡಿಸೆಂಬರ್ ೧೯೧೯

ಅಣ್ಣ,

ನಿನ್ನ ಕಾಗದವನ್ನು ತಿಸ್ಟ್ ತಾತನಿಗೆ ಓದಿ ಹೇಳಿದೆ. ಹಗ್ಗ, ಬಲೆ, ಟಾರು ಎಲ್ಲ ಕೇಳಿ, “ನಿಮ್ಮಣ್ಣ ನಮ್ಮೋನಾಗಿ ಉಳಿದಿಲ್ಲ ಕಣಮ್ಮಾ, ಪೂರಾ ಮೀನುಗಾರ ಆಗ್ಬಿಟ್ಟವ್ನೆ. ಇನ್ನೊಂದು ಚಳಿಗಾಲ ಬಿಟ್ರೆ ಮೈಮೇಲೆ ಮೀನಿನ ಹುರುಪೆ ಏಳ್ತದೆ” ಅಂದ. ಅವನು ನಕ್ಕ, ನಾನು ನಗಲಿಲ್ಲ.

ಮೊದಲು ನೀನು ಹೇಳುತ್ತಿದ್ದುದೆಲ್ಲ ನಮ್ಮ ಹಿತ್ತಲಿನ ಮಾತು. ಹುಲ್ಲಿನ ಮೆದೆ, ಬಿದ್ದ ಸೇಬು, ಬೆವರಿದ ಕುದುರೆಯ ಕಂಬಳಿ. ಅಪ್ಪನೂ ನೀನೂ ಲೋಟ ಹಿಡಿದು ಹಾಗೆ ಮಾತಾಡಿಕೊಳ್ಳುವುದನ್ನು ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಈಗ ನಿನ್ನ ನಾಲಗೆಗೆ ಬೇರೆ ಊರು ಹತ್ತಿದೆ. ಬರಬೇಡ ಎಂದು ಬೇರೆ ಬರೆದಿದ್ದೀಯ. ಅಲ್ಲಿ ಯಾರಾದರೂ ಇದ್ದರೆ ಹೇಳಿಬಿಡು, ಅಣ್ಣ. ಆ ಕಡೆಯ ಹುಡುಗಿಯನ್ನು ಮೆಚ್ಚಿ ಅಲ್ಲೇ ನಿಲ್ಲುವ ಮನಸ್ಸಿದ್ದರೆ ನಾನು ಅಡ್ಡ ಬರುವವಳಲ್ಲ. ಕಾಯುವುದನ್ನಾದರೂ ಬಿಡಬಹುದು.

ಇಲ್ಲಿ ಎಲ್ಲ ಮಾಮೂಲು. ಕೆಲಸ ಬಹಳವಿದೆ.

ಲೀವಾ

*

ಕೊಕ್ಸೈಡೆ
೬ ಜನವರಿ ೧೯೨೦

ಲೀವಾ,

ಯಾರೂ ಇಲ್ಲ. ಕೆಮ್ಮಿದರೆ ಮಂಚವೇ ಅಲ್ಲಾಡುವ ಮನುಷ್ಯನನ್ನು ಮೆಚ್ಚುವವರು ಯಾರು?

ನಾನು ಹೇಳಿದಂತೆ ಬೆರೆಸಿ ಬಿಯರು ಕೆಟ್ಟಿರಬೇಕು, ಅದಕ್ಕೇ ನಿನಗೆ ಇಷ್ಟು ಸಿಟ್ಟು ಎಂದುಕೊಂಡಿದ್ದೇನೆ. ಹಾಗಿದ್ದರೆ ತಪ್ಪು ನನ್ನದೇ.

ನಿನ್ನೆ ಮಧ್ಯಾಹ್ನ ಕಣ್ಣು ಹತ್ತಿತು. ಕನಸಿನಲ್ಲಿ ನಮ್ಮ ಅಟ್ಟ. ತೊಟ್ಟಿಯಿಂದ ಹಬೆ ಏಳುತ್ತಿತ್ತು, ಜಾಲಂದ್ರದಿಂದ ತೋಟದ ಗಾಳಿ ಒಳಗೆ ಬರುತ್ತಿತ್ತು. ಗಾಳಿಗೆ ಕಾಲಿದ್ದವು, ಲೀವಾ. ಬರಿಗಾಲಿನಲ್ಲಿ ಜಂತೆಯಿಂದ ಜಂತೆಗೆ ನಡೆದು, ಒಂದೊಂದು ಬಲೆಯ ಹತ್ತಿರವೂ ನಿಂತು ವಿಚಾರಿಸಿಕೊಂಡು, ಆಮೇಲೆ ತೊಟ್ಟಿಗೆ ಇಳಿಯಿತು. ಅಪ್ಪ ಮೂಲೆಯಲ್ಲಿ ಕೂತು ಬ್ರೆಡ್ಡಿಗೆ ಚೀಸು ಹಚ್ಚಿಕೊಂಡು ಮೂಲಂಗಿ ಕಚ್ಚುತ್ತಿದ್ದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹೊಸ ಪೀಪಾಯಿಗಳು ಎಷ್ಟು ನೊರೆ ಉಕ್ಕಿಸಿದವು? ಇಷ್ಟು ಹೊತ್ತಿಗೆ ನೀನು ಬರೆಯಬೇಕಿತ್ತು.

ಅಮಾಂಡ್

*

ಕೊಕ್ಸೈಡೆ
೨೨ ಫೆಬ್ರವರಿ ೧೯೨೦

ಲೀವಾ, ನಾನು ಬರೆದು ಆರು ವಾರವಾಯಿತು, ನಿನ್ನ ಕಾಗದವಿಲ್ಲ. ಹುಷಾರಾಗಿದ್ದೀಯಾ? ಒಂದು ಸಾಲಾದರೂ ಸಾಕು. ಅ.

*

ಎಲ್ಸ್‌ಬ್ರೂಕ್
೭ ಮಾರ್ಚ್ ೧೯೨೦

ಅಣ್ಣ,

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಟ್ಟ ಚೆನ್ನಾಗಿದೆ ಎಂದು ನಾನು ಬರೆದದ್ದು ಸುಳ್ಳು.

ಮೂರು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಇಪ್ಪತ್ತು ಜರ್ಮನ್ ಸಿಪಾಯಿಗಳನ್ನು ತಂದು ನಮ್ಮ ಅಟ್ಟದಲ್ಲಿ ಇಳಿಸಿದರು. ಮೈಗೆ ಹೇನು ಹತ್ತಿತೆಂದು ಅವರ ಡಾಕ್ಟರು ಎಲ್ಲವನ್ನೂ ತೊಳೆಸಿದ. ಬಲೆಗಳನ್ನು ಪೊರಕೆಯಲ್ಲಿ ಗುಡಿಸಿ ಹಾಕಿದರು. ಜಂತೆ, ಗೋಡೆ, ಹೆಂಚಿನ ಅಡಿ, ಒಂದು ಗೇಣನ್ನೂ ಬಿಡದೆ ಸುಣ್ಣ ಬಳಿದರು. ಖಾಲಿ ಪೀಪಾಯಿಗಳಿಗೂ ಗಂಧಕದ ಹೊಗೆ ಹಾಕಿಸಿದರು. ಅಪ್ಪ ಹತ್ತಿ ಹೋಗಿ ನೋಡಿದ. ಕೆಳಗಿಳಿದು ಬಂದು, “ಆಸ್ಪತ್ರೆ ಥರ ಮಾಡಿದಾರೆ” ಅಂದ. ಅಷ್ಟೇ. ಆಮೇಲೆ ಆ ಮೆಟ್ಟಿಲು ಹತ್ತಲಿಲ್ಲ. ಫೆಬ್ರವರಿಯಲ್ಲಿ ತೀರಿಕೊಂಡ. ಡಾಕ್ಟರು ಎದೆಯ ಕಫ ಎಂದರು. ಇರಬಹುದು.

ಪ್ರತಿ ಕಾಗದದಲ್ಲೂ ನೀನು ಆ ಅಟ್ಟವನ್ನೇ ಕೇಳುತ್ತಿದ್ದೆ. ಹೇಗೆ ಹೇಳಲಿ?

ಹೊಸ ಬಿಯರಿಗೆ ಜೀವ ಬರಲಿಲ್ಲ. ದಿನವೂ ಪೀಪಾಯಿಯ ಬಾಯಿಗೆ ಕಣ್ಣಿಟ್ಟು ನೋಡಿದೆ. ಕ್ರಿಸ್‌ಮಸ್ಸಿನ ಹೊತ್ತಿಗೆ ಲೋಳೆಯಾಯಿತು, ಆಮೇಲೆ ಬೂಷ್ಟು ಕಟ್ಟಿತು. ಜನವರಿಯ ಕೊನೆಯಲ್ಲಿ ಹನ್ನೊಂದು ಪೀಪಾಯಿಯನ್ನೂ ಹಳ್ಳಕ್ಕೆ ಸುರಿದೆವು. ಬಾತುಗಳು ಕೂಡ ಆ ಕಡೆಯ ದಡಕ್ಕೆ ಹೋದವು.

ಹೋದ ವಾರ ಪೇಟೆಯ ದೊಡ್ಡ ಬಿಯರ್ ಕಾರ್ಖಾನೆಯವನೊಬ್ಬ ಬಂದಿದ್ದ, ಕೈಗೆ ಚರ್ಮದ ಗ್ಲೌಸು ಹಾಕಿಕೊಂಡು. “ತಗಡಿನ ಕ್ಯಾನಿನಲ್ಲಿ ನಾವೇ ಹೆಪ್ಪು ಕಳಿಸ್ತೀವಿ. ನಾಲ್ಕೇ ದಿನಕ್ಕೆ ಬಿಯರು ತಯಾರು. ಗಾಳಿಗೆ ಅಂತ ಇನ್ನೂ ಯಾರು ಕಾಯ್ತಾರೆ, ನೀವೇ ಹೇಳಿ” ಅಂದ. ಬಾಗಿಲ ಮೇಲಿನ ನಮ್ಮ ಹೆಸರು ಹಾಗೇ ಇರುತ್ತದಂತೆ, ಒಳಗೆ ಮಾತ್ರ ಅವರ ಬಿಯರು. ತಿಂಗಳ ಕೊನೆಯೊಳಗೆ ಹ್ಞೂಂ ಅಥವಾ ಉಹ್ಞೂಂ ಹೇಳಬೇಕು. ನನಗೆ ಹ್ಞೂಂ ಎನ್ನುವುದು ಬಿಟ್ಟು ಬೇರೆ ದಾರಿ ಕಾಣುತ್ತಿಲ್ಲ. ಸಾಧ್ಯವಾದರೆ ಒಂದು ದಿನದ ಮಟ್ಟಿಗಾದರೂ ಬಾ. ಮೇಲೆ ಹತ್ತಿ ಒಮ್ಮೆ ಮೂಸಿ ನೋಡು. ಏನಾದರೂ ಉಳಿದಿದ್ದರೆ ನಿನಗೆ ಮಾತ್ರ ತಿಳಿಯುತ್ತದೆ.

ಲೀವಾ

*

ಕೊಕ್ಸೈಡೆ
೧೦ ಮಾರ್ಚ್ ೧೯೨೦

ಲೀವಾ,

ನಾನು ಬಂದರೂ ತಿಳಿಯುವುದಿಲ್ಲ. ನನಗೆ ಮೂಗಿಲ್ಲ.

ಎರಡು ವರ್ಷದ ಹಿಂದೆ, ಯುದ್ಧದ ಕೊನೆಯ ವಸಂತದಲ್ಲಿ, ನಮ್ಮ ಕಂದಕಕ್ಕೆ ವಿಷದ ಗಾಳಿ ಬಿಟ್ಟರು. ಎದೆಯ ವಿಷಯ ನಿನಗೆ ಗೊತ್ತು. ಮೂಗಿನದು ಹೇಳಿರಲಿಲ್ಲ. ಅಂದಿನಿಂದ ಕಡಲೆಂದರೆ ನನಗೆ ಬರೀ ಸದ್ದು. ಬ್ರೆಡ್ಡು ಬರೀ ಮೆತ್ತಗೆ, ಕಾಫಿ ಬರೀ ಬಿಸಿ. ಅಪ್ಪನ ಕೋಟು ನೆನಪಾಗುತ್ತದೆ, ಅದರ ವಾಸನೆ ನೆನಪಾಗುವುದಿಲ್ಲ. ಮನೆಯಲ್ಲಿ ಉಳಿದಿರುವ ಮೂಗು ನಿನ್ನದೊಂದೇ ಎಂದು ನೀನು ಬರೆದೆ. ಇಲ್ಲವೆನ್ನಲು ಕೈ ಬರಲಿಲ್ಲ. ಇಲ್ಲವೆಂದರೆ ಆ ಮನೆಯಲ್ಲಿ ನನಗೇನು ಕೆಲಸ?

ನಿನ್ನ ಮೂರು ಸೀಸೆಗಳ ರುಚಿ ನೋಡಿದವನು ಪಿಯೆರ್. “ಹುಟ್ಟಿದಾಗಿನಿಂದ ನನ್ನ ಮೂಗಿನೊಳಗೆ ಸಿಗಡಿ ಬಿಟ್ರೆ ಬೇರೇನೂ ಹೋಗಿಲ್ಲಪ್ಪ. ಆದ್ರೂ ಕೊಡು, ಕುಡಿಯೋಕೆ ತಾನೆ?” ಅಂದ. ಅವನು ಹೇಳಿದ್ದನ್ನು ನಾನು ಬರೆದೆ, ಅಷ್ಟೇ. ನೀನು ಬಂದರೆ ಒಂದೇ ಊಟದಲ್ಲಿ ಗೊತ್ತಾಗಿಬಿಡುತ್ತದೆಂದು ಬರಬೇಡ ಎಂದೆ.

ಈಗ ಸಿಟ್ಟು ಮಾಡಿಕೊಳ್ಳುವ ಮೊದಲು ಇದನ್ನು ಓದು. ನಾನು ಒಂಬತ್ತು ವರ್ಷದವನಿದ್ದಾಗ ಬಿರುಗಾಳಿಗೆ ನಮ್ಮ ಸೂರು ಹಾರಿಹೋಗಿತ್ತು, ನೀನಿನ್ನೂ ತೊಟ್ಟಿಲಲ್ಲಿದ್ದೆ. ಅರ್ಧ ಅಟ್ಟಕ್ಕೆ ಹೊಸ ಮರ, ಹೊಸ ಹೆಂಚು ಹಾಕಿದರು. ಅಪ್ಪನ ಅಪ್ಪ, ನಮ್ಮ ತಾತ, ನೆಲಮಾಳಿಗೆಯಿಂದ ಹಳೆಯ ಪೀಪಾಯಿಗಳ ತಳದ ಗಸಿಯನ್ನು ಬಕೆಟ್ಟಿನಲ್ಲಿ ತಂದು, ಕುದುರೆ ಉಜ್ಜುವ ಬ್ರಷ್ಷಿನಿಂದ ಹೊಸ ಮರಕ್ಕೆಲ್ಲ ಬಳಿದ. ಗಡ್ಡದ ತುಂಬ ಗಸಿ. ಏನು ಮಾಡ್ತಿದೀಯ ತಾತ ಎಂದರೆ, “ಹೊಸಬರು ಬಂದವ್ರೆ ಕಣೋ. ಊರಿನೋರನ್ನ ಪರಿಚಯ ಮಾಡಿಸ್ಬೇಕಲ್ವಾ?” ಅಂದ.

ಆ ಊರಿನವರು, ಜಂತೆಯಲ್ಲಿ ಬಲೆಯಲ್ಲಿ ಮನೆ ಮಾಡಿಕೊಂಡಿದ್ದ ನಮ್ಮ ಹೆಪ್ಪು, ಈಗ ಉಳಿದಿರುವುದು ಏಳು ಪೀಪಾಯಿಗಳ ತಳದಲ್ಲಿ ಮಾತ್ರ. ಮೊದಲು ಸುಣ್ಣವನ್ನು ಮರ ಕಾಣುವವರೆಗೆ ಕೆರೆಯಬೇಕು. ಆಮೇಲೆ ಪೀಪಾಯಿಗಳನ್ನು ಬರಿದು ಮಾಡಿ ಗಸಿ ತೆಗೆಯಬೇಕು. ಹೊರಗೆ ತೆಗೆದ ಬಿಯರನ್ನು ಹಾಗೇ ಇಡಲಾಗುವುದಿಲ್ಲ, ಕೂಡಲೇ ಬೆರೆಸಬೇಕು. ಗಾಳಿ ಮತ್ತೆ ಬಾರದೆ ಹೋದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ಮನುಷ್ಯನಿಗೆ ಹ್ಞೂಂ ಎಂದರೆ ಹೆಸರಾದರೂ ಉಳಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ನನಗಿಲ್ಲ, ಲೀವಾ. ನಿನ್ನದು. ಬೆರೆಸುವುದಾದರೆ ಮೂಗೂ ನಿನ್ನದೇ.

ಅಮಾಂಡ್

*

ಎಲ್ಸ್‌ಬ್ರೂಕ್
೨ ಮೇ ೧೯೨೦

ಅಣ್ಣ,

ನಿನ್ನ ಕಾಗದ ಓದಿ, ಮಡಿಸಿ ಕಪಾಟಿನಲ್ಲಿಟ್ಟು, ಹಿತ್ತಲಿಗೆ ಹೋಗಿ ಕೋಳಿಗಳ ಮೇಲೆ ಕೂಗಾಡಿದೆ. ಅವಕ್ಕೇನು ಗೊತ್ತು. ಆಮೇಲೆ ಒಳಗೆ ಬಂದು, ಬಾಯಿಗೆ ಬಂದದ್ದನ್ನೆಲ್ಲ ತಿಂದೆ. ಮೂಗು ಬಿಗಿಯಾಗಿ ಹಿಡಿದುಕೊಂಡು ಬ್ರೆಡ್ಡು, ಈರುಳ್ಳಿ, ಜಾಮು. ನೀನು ಹೇಳಿದ ಹಾಗೇ ಇತ್ತು, ಬರೀ ಮೆತ್ತಗೆ. ಎರಡು ವರ್ಷದಿಂದ ಇದನ್ನೇ ತಿನ್ನುತ್ತಿದ್ದೀಯಾ?

ಗ್ಲೌಸಿನವನಿಗೆ ಉಹ್ಞೂಂ ಎಂದೆ. ಅವನು ಮತ್ತೆ ಮತ್ತೆ ಕೇಳಿದ. ತಿಸ್ಟ್ ತಾತ ಬಂದು, “ಅಮ್ಮ ಒಂದೇ ಸಲ ಹೇಳೋದು ಸ್ವಾಮಿ, ಆ ಕಡೆ ಟ್ರಾಮು ಸರಿಯಾದ ಟೈಮಿಗೆ ಬರ್ತದೆ” ಎಂದು ಟೋಪಿ ಎತ್ತಿ ಕೊಟ್ಟ.

ಮೂರು ವಾರ ಸುಣ್ಣ ಕೆರೆದೆವು. ತಲೆ, ಹುಬ್ಬು ಎಲ್ಲ ಬೆಳ್ಳಗಾಗಿ ನಾನೂ ತಾತನೂ ಒಂದೇ ವಯಸ್ಸಿನವರ ಹಾಗೆ ಕಾಣುತ್ತಿದ್ದೆವು. ಕೆರೆದಷ್ಟೂ ಕೆಳಗೆ ಕಪ್ಪು ಮರ ಕಂಡಿತು.

ಆಮೇಲೆ ಪೀಪಾಯಿ ತೆರೆದೆವು. ಏಳು ಲೋಟ ಸಾಲಾಗಿಟ್ಟು ಅಪ್ಪನ ಮೇಜಿನ ಮುಂದೆ ಅಪ್ಪನ ಕುರ್ಚಿಯಲ್ಲಿ ಕೂತೆ. ಈಗ ಒಂದು ನಿಜ ಹೇಳುತ್ತೇನೆ. ನೀನು ಹೇಳಿದ ಹಾಗೆ ನಾನು ಬೆರೆಸಿಯೇ ಇರಲಿಲ್ಲ. ನೀನು ಟಾರು ಎಂದದ್ದರಲ್ಲಿ ನನಗೆ ಮಳೆ ನಿಂತ ಮೇಲಿನ ಹುಲ್ಲಿನ ಮೆದೆ ಸಿಕ್ಕಿತ್ತು. ಮುಟ್ಟಬೇಡ ಎಂದ ಮೂರನೆಯದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿತ್ತು. ಅಣ್ಣನೇ ಬೇಡವೆಂದ ಮೇಲೆ ಕೆಟ್ಟಿರುವುದು ನನ್ನ ಮೂಗೇ ಎಂದುಕೊಂಡು ಸುಮ್ಮನಿದ್ದೆ.

ಮೂರನೆಯದನ್ನೇ ಮುಂದಿಟ್ಟುಕೊಂಡು ಬೆರೆಸಿದೆ. ನಿನಗೂ ಹೇಳುತ್ತೇನೆ, ಕೇಳು. ಮೊದಲು ಹಸಿ ನಿಂಬೆಯ ಸಿಪ್ಪೆ ಉಗುರಿಗೆ ಸಿಕ್ಕಂತೆ. ಅದರ ಹಿಂದೆ ಕುದುರೆ ಬಿಚ್ಚಿದ ಮೇಲಿನ ಜೀನು, ಇನ್ನೂ ಬೆಚ್ಚಗಿದೆ. ತುಂಬ ಹೊತ್ತಿನ ಮೇಲೆ, ಎಲ್ಲೋ ದೂರದಲ್ಲಿ, ಮುಚ್ಚಿದ ಕೋಣೆಯೊಳಗೆ ಯಾರೋ ಇಟ್ಟು ಮರೆತ ಒಂದು ಸೇಬು. ತಿಸ್ಟ್ ತಾತ ಕುಡಿದು ಖಾಲಿ ಲೋಟವನ್ನು ಮತ್ತೆ ಮುಂದೆ ಚಾಚಿದ. ಆಮೇಲೆ, “ಸೀಸೆ ತೊಳೆಯೋಕೆ ಇನ್ಯಾರನ್ನಾದ್ರೂ ನೋಡ್ಕೋಬೇಕಲ್ಲಮ್ಮಾ” ಅಂದ.

ಗಸಿ ಬಳಿಯುವ ದಿನ ತೋಟದ ಚೆರಿ ಮರಗಳೆಲ್ಲ ಹೂ ಬಿಟ್ಟಿದ್ದವು. ಜಾಲಂದ್ರ ತೆರೆದೆ. ಬಿಳಿ ಎಸಳುಗಳು ಒಳಗೆ ತೂರಿ ಬಂದು ಒದ್ದೆ ಜಂತೆಗೆ ಅಂಟಿಕೊಂಡವು. ತೆಗೆಯಲಿಲ್ಲ, ಬಿಟ್ಟೆ.

ಬೇಸಿಗೆಯ ಗಾಳಿ ಬಿಯರನ್ನು ಕೆಡಿಸುತ್ತದೆ, ಇನ್ನು ಚಳಿ ಬರುವವರೆಗೆ ಬೇಯಿಸುವಂತಿಲ್ಲ. ಬೆರೆಸಿದ್ದರಲ್ಲಿ ಒಂದು ಜಾಡಿ ಕಳಿಸಿದ್ದೇನೆ. ಪಿಯೆರ್ ಅಜ್ಜನಿಗೆ ಕೊಡು.

ಲೀವಾ

*

ಕೊಕ್ಸೈಡೆ
೨೯ ಆಗಸ್ಟ್ ೧೯೨೦

ಲೀವಾ,

ಪಿಯೆರ್ ಹೋದ ಭಾನುವಾರ ತೀರಿಕೊಂಡ. ಬೆಳಿಗ್ಗೆ ಕಿಟಕಿ ತೆರೆಸಿ ಕುದುರೆಗಳು ನೀರಿಗಿಳಿಯುವುದನ್ನು ನೋಡುತ್ತಿದ್ದ. ಕೊನೆಯ ಕುದುರೆ ಮಂಜಿನಲ್ಲಿ ಮರೆಯಾಗುವಾಗ ಅದರ ಹೆಸರು ಹೇಳಿದ.

ನಿನ್ನ ಜಾಡಿಯನ್ನು ಅವನು ಬೇಸಿಗೆಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿದ. ಮೊದಲ ದಿನ ಲೋಟ ಹಿಡಿದು ಮತ್ತೆ ಮತ್ತೆ ಮೂಸಿದ. ಹಗ್ಗವೋ ಬಲೆಯೋ ಎಂದು ನಾನೇ ಕೇಳಿದೆ. “ಇದರಲ್ಲಿ ಕಡಲಿಲ್ಲ ಕಣೋ. ಯಾವುದೋ ಊರಿದೆ. ನಾನು ಹೋಗದೇ ಇರೋ ಊರು” ಅಂದ. ನಾನು ಅಲ್ಲಿಯವನೇ ಎಂದೆ. “ಮತ್ತೆ ಇಲ್ಲೇನು ಮಾಡ್ತಿದೀಯಾ?” ಅಂದ.

ನಿನ್ನ ಮೇ ತಿಂಗಳ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ನಿಂಬೆ, ಜೀನು, ಸೇಬಿನ ಆ ಮೂರು ಸಾಲು ಓದುವಾಗ ಮೂಗಿಗೆ ಏನೂ ಬರುವುದಿಲ್ಲ. ಆದರೆ ಬಂದುಬಿಡುತ್ತದೆಯೇನೋ ಎನ್ನುವಲ್ಲಿಗೆ ಹೋಗಿ ನಿಲ್ಲುತ್ತೇನೆ. ಅಷ್ಟು ಹತ್ತಿರ ಹೋಗದೆ ಬಹಳ ಕಾಲವಾಗಿತ್ತು.

ಅಮಾಂಡ್

*

ಎಲ್ಸ್‌ಬ್ರೂಕ್
೨೮ ನವೆಂಬರ್ ೧೯೨೦

ಅಣ್ಣ,

ಒಂಬತ್ತನೆಯ ತಾರೀಖು ಬೇಯಿಸಿದೆವು. ಮತ್ತೆ ಹನ್ನೊಂದು ಪೀಪಾಯಿ. ಒಂದು ವಾರ ಏನೂ ಇಲ್ಲ. ಹತ್ತನೆಯ ದಿನವೂ ಇಲ್ಲ. ಹನ್ನೆರಡನೆಯ ದಿನ ತಿಸ್ಟ್ ತಾತ ನೆಲಮಾಳಿಗೆಗೆ ಬರುವುದನ್ನೇ ಬಿಟ್ಟ. ಸೊಂಟ ಹಿಡಿದಿದೆ ಎಂದ. ಸೊಂಟಕ್ಕೇನೂ ಆಗಿರಲಿಲ್ಲ. ನಾನೂ ಹೋಗಲಿಲ್ಲ. ನಿನಗೆ ಏನೆಂದು ಬರೆಯಲಿ ಎಂದು ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದೆ.

ಹೋದ ಬುಧವಾರ ಬೆಳಿಗ್ಗೆ ಆಲೂಗಡ್ಡೆ ತರಲು ಇಳಿದೆ. ಕಾಲಿಗೆ ಏನೋ ಒದ್ದೆ ತಗುಲಿತು. ನೀರು ಸೋರಿತೆಂದು ದೀಪ ಎತ್ತಿದರೆ, ಕಂದು ನೊರೆ, ಅಣ್ಣ. ಐದನೆಯ ಪೀಪಾಯಿಯ ಬಾಯಿಂದ ಉಕ್ಕಿ, ಹೊಟ್ಟೆಯ ಮೇಲೆ ಇಳಿದು, ನೆಲಕ್ಕೆ ಹರಿದಿತ್ತು. ಪಕ್ಕದ್ದು ಸಣ್ಣಗೆ ಗೊಣಗುತ್ತಿತ್ತು. ನಾನು ಆಲೂಗಡ್ಡೆ ಬುಟ್ಟಿ ಹಿಡಿದುಕೊಂಡೇ ನೆಲದ ಮೇಲೆ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ನೋಡುನೋಡುತ್ತ ಮೂರನೆಯದೂ ಬಾಯಿ ಬಿಟ್ಟಿತು. ಇವತ್ತಿನ ಹೊತ್ತಿಗೆ ಒಂಬತ್ತು ಪೀಪಾಯಿ ಎದ್ದಿವೆ. ಎರಡು ಇನ್ನೂ ಮಲಗಿವೆ. ಮಲಗಲಿ.

ತಾತ ಬಂದು ಒಂದೊಂದರ ಮೇಲೂ ಕೈಯಿಟ್ಟು ನೋಡಿದ. “ಎಲ್ಲಾ ಮನೆಗೆ ಬಂದವ್ರೆ ಕಣಮ್ಮಾ” ಅಂದ. ಆಮೇಲೆ ನನಗೆ ಬೆನ್ನು ಮಾಡಿ ಬಹಳ ಹೊತ್ತು ಮೂಗೊರೆಸಿಕೊಂಡ.

ಈ ಮನೆಯಲ್ಲಿ ನನಗೇನು ಕೆಲಸ ಎಂದು ನೀನು ಕೇಳಿದ್ದೆ. ಆಗ ಉತ್ತರ ಬರೆಯಲಿಲ್ಲ, ತಿಳಿದಿರಲಿಲ್ಲ. ಈಗಲೂ ಸರಿಯಾಗಿ ತಿಳಿಯದು. ಹಂಡೆಯ ಬೆಂಕಿ ನೋಡಬೇಕು, ಹಾಪ್ಸ್ ಎಂಬ ಕಹಿ ಹೂವಿನ ಚೀಲ ಬಿಚ್ಚಬೇಕು, ತಾತನ ಜೊತೆ ಜಗಳವಾಡಲು ಇನ್ನೊಬ್ಬರು ಬೇಕು. ನಾನು ಆ ಮೇಜಿನ ಮುಂದೆ ಕೂತು ಮೂಸಿದ್ದನ್ನು ಯಾರಿಗಾದರೂ ಹೇಳಬೇಕು. ಹೇಳಲು ಯಾರೂ ಇಲ್ಲದಿದ್ದರೆ ನನಗೂ ಏನೂ ಸಿಗುವುದಿಲ್ಲ. ಬಾ.

ಲೀವಾ

*

ಕೊಕ್ಸೈಡೆ
೪ ಡಿಸೆಂಬರ್ ೧೯೨೦

ಲೀವಾ,

ಎದೆ ಇನ್ನು ಇದಕ್ಕಿಂತ ಸುಧಾರಿಸುವುದಿಲ್ಲ, ಕೆಡುವುದೂ ಇಲ್ಲ ಎಂದು ಡಾಕ್ಟರು ಹೇಳಿ ತಿಂಗಳುಗಳೇ ಆದವು. ಅದನ್ನೂ ನಿನಗೆ ಬರೆದಿರಲಿಲ್ಲ. ಮತ್ತೆ ಇಲ್ಲೇನು ಮಾಡ್ತಿದೀಯಾ ಎಂದು ಪಿಯೆರ್ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಬರುವ ಶನಿವಾರ ಬೆಳಗಿನ ರೈಲಿಗೆ ಹೊರಡುತ್ತೇನೆ. ಸಂಜೆಯ ಟ್ರಾಮಿಗೆ ಊರು ಮುಟ್ಟಬಹುದು. ನಿಲ್ದಾಣಕ್ಕೆ ಯಾರೂ ಬರಬೇಡಿ, ದಾರಿ ಮರೆತಿಲ್ಲ. ನಿಧಾನವಾಗಿ ನಡೆದು ಬರುತ್ತೇನೆ, ಅಲ್ಲಲ್ಲಿ ನಿಂತುಕೊಂಡು.

ನನಗೆ ಭಯವಿದೆ. ಮನೆಗೆ ಬಂದವನು ಮೊದಲು ಅಟ್ಟಕ್ಕೆ ಹೋಗುತ್ತೇನೆ. ಮೆಟ್ಟಿಲು ಹತ್ತಲು ಹೊತ್ತು ಹಿಡಿಯುತ್ತದೆ, ಕೈ ಹಿಡಿಯಬೇಡ. ಮೇಲೆ ತೊಟ್ಟಿಯ ಪಕ್ಕದಲ್ಲಿ ನಿಂತು ಎದೆ ತುಂಬ ಉಸಿರೆಳೆದುಕೊಳ್ಳುತ್ತೇನೆ. ಏನೂ ಸಿಗುವುದಿಲ್ಲವೆಂದು ಗೊತ್ತು. ಆದರೂ ಒಮ್ಮೆ ಎಳೆದುಕೊಳ್ಳಬೇಕು. ಆಗ ನೀನು ನನ್ನ ಪಕ್ಕದಲ್ಲಿ ನಿಂತಿರು, ಏನೂ ಮಾತಾಡಬೇಡ.

ಆಮೇಲೆ ನಾನು ಕೇಳುತ್ತೇನೆ. ಕೇಳಿದ ಮೇಲೆ ಹೇಳು. ಆತುರ ಮಾಡಬೇಡ, ಒಂದನ್ನೂ ಬಿಡಬೇಡ.

ಅಮಾಂಡ್